ಬೇಸಿಗೆಯಲ್ಲಿ ಒಣಗಿದ ಸೋಫಾ ಮಳೆಗಾಲದಲ್ಲಿ ಮತ್ತೆ ನಾರುವುದೇಕೆ?

ಕುಂದಾಪುರ, ಬೈಂದೂರು, ಬ್ರಹ್ಮಾವರದ ಕಡೆ ಪುಟ್ಟ ಮಗುವಿರುವ ಮನೆಗಳಲ್ಲಿ ಆಸಾಡಿ ಬಂತೆಂದರೆ ಈ ದೂರು ಸಾಮಾನ್ಯ. ಏಪ್ರಿಲ್‌ನಲ್ಲಿ ಮಗು ಸೋಫಾದ ಮೇಲೆ ಉಚ್ಚೆ ಮಾಡಿತ್ತು. ಒರೆಸಿ ಬಿಸಿಲಿಗಿಟ್ಟಾಗ ವಾಸನೆ ಹೋಗಿತ್ತು. ಜುಲೈ ಬರುತ್ತಿದ್ದಂತೆ ಅದೇ ಜಾಗ ಮತ್ತೆ ನಾರತೊಡಗಿದೆ. ಮಗು ಹೊಸದಾಗಿ ಏನೂ ಮಾಡಿಲ್ಲ. ಹಾಗಾದರೆ ವಾಸನೆ ಎಲ್ಲಿಂದ ಬಂತು?

ತಾಜಾ ಮೂತ್ರಕ್ಕೆ ಹೆಚ್ಚು ವಾಸನೆ ಇರುವುದಿಲ್ಲ. ನೀರು ಬಿಟ್ಟರೆ ಅದರಲ್ಲಿ ಮುಖ್ಯವಾಗಿ ಇರುವುದು ಯೂರಿಯಾ ಮತ್ತು ಕೆಲವು ಲವಣಗಳು. ಗದ್ದೆಗೆ ಹಾಕುವ ಯೂರಿಯಾ ಗೊಬ್ಬರವೂ ಇದೇ ರಾಸಾಯನಿಕ. ಬಟ್ಟೆಯಲ್ಲಿ, ಗಾಳಿಯಲ್ಲಿ ಇರುವ ಕೆಲವು ಬ್ಯಾಕ್ಟೀರಿಯಾಗಳು ಯೂರಿಯೇಸ್ ಎಂಬ ಕಿಣ್ವದ ಸಹಾಯದಿಂದ ಯೂರಿಯಾವನ್ನು ಒಡೆಯುತ್ತವೆ. ಆಗ ಹೊರಬರುವ ಅಮೋನಿಯಾವೇ ಮೂಗಿಗೆ ಹೊಡೆಯುವ ಆ ಘಾಟು. ಈ ಕೆಲಸಕ್ಕೆ ತೇವ ಬೇಕೇ ಬೇಕು.

ಏಪ್ರಿಲ್ ಬಿಸಿಲಿನಲ್ಲಿ ಹಾರಿಹೋದದ್ದು ನೀರು ಮಾತ್ರ. ಯೂರಿಯಾ ಮತ್ತು ಲವಣ ಸ್ಪಂಜಿನೊಳಗೇ ಉಳಿದವು. ಅಡುಗೆಮನೆಯ ಕಲ್ಲುಪ್ಪು ಮಳೆಗಾಲದಲ್ಲಿ ನೀರು ಬಿಡುವುದನ್ನು ನೀವು ನೋಡಿರುತ್ತೀರಿ. ಗಾಳಿಯ ಆರ್ದ್ರತೆ ಸುಮಾರು 75 ಶೇಕಡಾ ದಾಟಿದರೆ ಶುದ್ಧ ಉಪ್ಪು ಕೂಡ ತೇವ ಹೀರಿ ಕರಗುತ್ತದೆ. ಕರಾವಳಿಯ ಜುಲೈಯಲ್ಲಿ ಆರ್ದ್ರತೆ ಇದಕ್ಕಿಂತ ಹೆಚ್ಚೇ. ಸೋಫಾದೊಳಗಿನ ಲವಣವೂ ಹಾಗೆಯೇ ತೇವ ಎಳೆದುಕೊಳ್ಳುತ್ತದೆ, ಬ್ಯಾಕ್ಟೀರಿಯಾ ಮತ್ತೆ ಕೆಲಸ ಶುರು ಮಾಡುತ್ತದೆ. ಅಂದರೆ ಬೇಸಿಗೆಯಲ್ಲಿ ನಾವು ಸೋಫಾ ಒಣಗಿಸಿದ್ದೆವೇ ಹೊರತು ತೊಳೆದಿರಲಿಲ್ಲ.

ತೊಳೆಯುವುದೆಂದರೆ ಉಚ್ಚೆ ಎಷ್ಟು ಆಳಕ್ಕೆ ಇಳಿದಿದೆಯೋ ಅಷ್ಟು ಆಳಕ್ಕೆ ನೀರು ಇಳಿಸಿ ಅದನ್ನು ವಾಪಸ್ ಎಳೆಯುವುದು. ಮೇಲಿನ ಬಟ್ಟೆ ಉಜ್ಜಿದರೆ ಕಲೆ ಹರಡುತ್ತದೆ ಅಷ್ಟೇ. ಮೊದಲು ಒಣ ಹತ್ತಿ ಬಟ್ಟೆ ಒತ್ತಿ. ಹಳೆಯ ಪಂಚೆ ಇದಕ್ಕೆ ಬಹಳ ಒಳ್ಳೆಯದು. ನಂತರ ತಣ್ಣೀರು ಸ್ವಲ್ಪ ಸ್ವಲ್ಪವೇ ಹಾಕಿ, ಅಂಚಿನಿಂದ ನಡುವಿಗೆ ಒತ್ತುತ್ತಾ ಹೀರಿಸಿ. ಎರಡು ಮೂರು ಬಾರಿ ಹೀಗೆ ಮಾಡಬೇಕು. ಕುಶನ್ನಿನ ಕವರಿಗೆ ಜಿಪ್ ಇದ್ದರೆ ಬಿಚ್ಚಿ ಬೇರೆಯೇ ತೊಳೆಯಿರಿ. ಯಾವುದೇ ದ್ರವ ಹಾಕುವ ಮೊದಲು ಕಾಣದ ಮೂಲೆಯಲ್ಲಿ ಬಣ್ಣ ಬಿಡುತ್ತದೆಯೇ ನೋಡಿ.

ಇನ್ನು ವಿನೆಗರ್ ಮತ್ತು ಅಡುಗೆ ಸೋಡಾ. ಎರಡನ್ನೂ ಒಟ್ಟಿಗೆ ಸುರಿದು ನೊರೆ ಬರಿಸುವ ವಿಡಿಯೋಗಳು ಬಹಳ ಇವೆ. ನೋಡಲು ಚಂದ, ಉಪಯೋಗ ಕಡಿಮೆ. ಆಮ್ಲವೂ ಕ್ಷಾರವೂ ಒಂದನ್ನೊಂದು ತಟಸ್ಥಗೊಳಿಸಿಕೊಂಡು ಕೊನೆಗೆ ಉಳಿಯುವುದು ಸೋಡಿಯಂ ಅಸಿಟೇಟ್ ಎಂಬ ಲವಣ ಬೆರೆತ ನೀರು. ಪ್ರತ್ಯೇಕವಾಗಿ ಬಳಸಿದರೆ ಎರಡಕ್ಕೂ ಅರ್ಥವಿದೆ. ಅಮೋನಿಯಾ ಕ್ಷಾರ, ಆದ್ದರಿಂದ ಉಚ್ಚೆ ವಾಸನೆಗೆ ಒಂದು ಪಾಲು ಬಿಳಿ ವಿನೆಗರ್, ಎರಡು ಪಾಲು ನೀರು. ಆಮೇಲೆ ಬರೀ ನೀರಿನಲ್ಲಿ ಒತ್ತಿ ತೆಗೆಯಬೇಕು. ಪುನರ್ಪುಳಿಯೂ ಹುಳಿಯೇ, ಆದರೆ ಅದನ್ನು ಹಾಕಿದರೆ ವಾಸನೆಗಿಂತ ದೊಡ್ಡ ಕಲೆಯಾದೀತು!

ಮಗು ಕಕ್ಕಿದ ಹಾಲಿನ ಕಥೆ ಬೇರೆ. ಹಸುವಿನ ಹಾಲಿನ ಕೊಬ್ಬು ಒಡೆದಾಗ ಬ್ಯುಟಿರಿಕ್ ಆಮ್ಲ ಹೊರಬರುತ್ತದೆ, ಹಳಸಿದ ಬೆಣ್ಣೆಯ ವಾಸನೆ ಅದರದ್ದೇ. ಇಲ್ಲಿ ವಿನೆಗರ್ ಹಾಕಿ ಪ್ರಯೋಜನವಿಲ್ಲ, ಅಡುಗೆ ಸೋಡಾ ಬೇಕು: ಒಂದು ಲೋಟ ನೀರಿಗೆ ಒಂದು ಚಮಚ. ಅದಕ್ಕೂ ಮೊದಲು ಒಡೆದ ಹಾಲನ್ನು ಚಮಚದಲ್ಲಿ ಕೆರೆದು ತೆಗೆದು, ಕಿಣ್ವ ಇರುವ ಡಿಟರ್ಜೆಂಟನ್ನು ತೆಳುವಾಗಿ ಕಲಸಿ ಹಚ್ಚಿ. ಕುದಿಯುವ ನೀರು ಬೇಡ. ಅದು ಹಾಲಿನ ಪ್ರೋಟೀನನ್ನು ನೂಲಿಗೆ ಅಂಟಿಸುತ್ತದೆ, ಡಿಟರ್ಜೆಂಟಿನ ಕಿಣ್ವವನ್ನೂ ಕೆಡಿಸುತ್ತದೆ.

ಎದೆಹಾಲು ಕುಡಿಯುವ ಮಗುವಿನ ಹಳದಿ ಮಲದ ಕಲೆಗೆ ಮಾತ್ರ ಬಿಸಿಲೇ ಮದ್ದು. ತೊಳೆದ ಮೇಲೂ ಉಳಿಯುವ ಹಳದಿಗೆ ಕಾರಣ ಬಿಲಿರುಬಿನ್ ಎಂಬ ವರ್ಣಕ, ಇದು ಬೆಳಕಿಗೆ ಮಾರ್ಪಡುತ್ತದೆ. ಕಾಮಾಲೆ ಬಂದ ಶಿಶುವನ್ನು ನೀಲಿ ಬೆಳಕಿನಡಿ ಮಲಗಿಸುವುದೂ ಇದೇ ಗುಣವನ್ನು ನಂಬಿ.

ಕಲೆಗಿಂತ ಹೆಚ್ಚು ಚಿಂತಿಸಬೇಕಾದದ್ದು ವಾಸನೆ ಮುಚ್ಚಲು ನಾವು ಮಾಡುವ ಉಪಾಯಗಳ ಬಗ್ಗೆ. ಸೋಫಾದ ಸಂದಿಯಲ್ಲಿ, ಮಗುವಿನ ಬಟ್ಟೆಯ ಪೆಟ್ಟಿಗೆಯಲ್ಲಿ ನುಸಿಗುಳಿಗೆ ಇಡುವ ಅಭ್ಯಾಸ ಹಲವು ಮನೆಗಳಲ್ಲಿದೆ. ಅದರಲ್ಲಿ ನ್ಯಾಫ್ತಲಿನ್ ಇದ್ದರೆ, ಜಿ6ಪಿಡಿ ಎಂಬ ಕಿಣ್ವದ ಕೊರತೆಯಿರುವ ಶಿಶುವಿನಲ್ಲಿ ಆ ಆವಿಯಿಂದಲೇ ಕೆಂಪು ರಕ್ತಕಣಗಳು ಒಡೆದು ತೀವ್ರ ಕಾಮಾಲೆ ಬರಬಹುದು. ಈ ಕೊರತೆ ಹುಟ್ಟಿನಿಂದಲೇ ಇರುತ್ತದೆ, ಪರೀಕ್ಷೆ ಮಾಡಿಸದೆ ತಿಳಿಯುವುದಿಲ್ಲ. ನುಸಿಗುಳಿಗೆಯ ಜೊತೆ ಮಡಚಿಟ್ಟ ಅಜ್ಜಿಯ ಸೀರೆಯಲ್ಲಿ ಮಗುವನ್ನು ಸುತ್ತುವುದೂ ಬೇಡ. ಸಾಂಬ್ರಾಣಿ ಹೊಗೆ ವಾಸನೆಯನ್ನು ಮುಚ್ಚುತ್ತದೆ, ತೆಗೆಯುವುದಿಲ್ಲ, ಜೊತೆಗೆ ಎಳೆಯ ಶ್ವಾಸಕೋಶಕ್ಕೆ ಹೊಗೆ ಹೊಗೆಯೇ. ಬ್ಲೀಚ್ ಅನ್ನು ಉಚ್ಚೆಯ ಮೇಲೆ ಸುರಿದರೆ ಅಮೋನಿಯಾದೊಡನೆ ಸೇರಿ ಕ್ಲೋರಮೀನ್ ಎಂಬ ವಿಷಾನಿಲ ಆಗುತ್ತದೆ. ವಿನೆಗರ್ ಜೊತೆ ಬ್ಲೀಚ್ ಸೇರಿದರೆ ಕ್ಲೋರಿನ್ ಅನಿಲವೇ ಬರುತ್ತದೆ.

ಮಳೆಗಾಲದಲ್ಲಿ ಕಷ್ಟವಾಗುವುದು ಒಣಗಿಸುವುದು. ಸ್ಪಂಜು ಎರಡು ದಿನದೊಳಗೆ ಒಣಗದಿದ್ದರೆ ಬೂಸ್ಟು ಹಿಡಿಯಬಹುದು, ಅದು ಮಗುವಿನ ಉಸಿರಾಟಕ್ಕೆ ಉಚ್ಚೆ ವಾಸನೆಗಿಂತ ಕೆಟ್ಟದ್ದು. ಆದ್ದರಿಂದ ಒಣ ಬೈರಾಸು ಹಾಸಿ ಅದರ ಮೇಲೆ ನಿಂತು ನೀರು ಹೀರಿಸಿ, ಕುಶನ್ನನ್ನು ನೆಟ್ಟಗೆ ನಿಲ್ಲಿಸಿ ಎರಡೂ ಬದಿಗೆ ಫ್ಯಾನಿನ ಗಾಳಿ ತಾಗುವಂತೆ ಇಡಿ. ಹತ್ತಿ ಹಾಸಿಗೆಗೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹೆಚ್ಚು ನೀರು ತಾಗಿಸದಿರುವುದೇ ಲೇಸು. ಅದರ ಮೇಲೆ ರಬ್ಬರ್ ಶೀಟ್ ಬಿಗಿಯಾಗಿ ಹಾಸಿ, ಆಳವಾದ ತೊಳೆತವನ್ನು ಬಿಸಿಲು ಬಂದ ಮೇಲೆ ಇಟ್ಟುಕೊಳ್ಳಿ.