ಯುರೋಪಿನಲ್ಲಿ ಕಾರು ಓಡಿಸಬೇಕೆ? ತಯಾರಿ ಆರ್‌ಟಿಒದಿಂದಲೇ ಶುರು

ಬೆಂಗಳೂರು: ಯುರೋಪ್ ಪ್ರವಾಸ ಎಂದರೆ ಬಸವನಗುಡಿ, ಮಲ್ಲೇಶ್ವರದ ಮನೆಗಳಲ್ಲಿ ಬಹುಕಾಲ ಟೂರ್ ಕಂಪನಿಯ ಬಸ್ಸು, ಜೊತೆಗೊಬ್ಬ ಅಡುಗೆಯವರು ಎಂಬ ಲೆಕ್ಕವಿತ್ತು. ಈಗ ಮಗನೋ ಮಗಳೋ ಜರ್ಮನಿಯಲ್ಲೋ ನೆದರ್ಲೆಂಡ್ಸ್‌ನಲ್ಲೋ ಕೆಲಸದಲ್ಲಿರುತ್ತಾರೆ. "ಕಾರು ಬಾಡಿಗೆಗೆ ತಗೊಂಡು ನಾವೇ ಓಡಾಡೋಣ, ಬನ್ನಿ" ಅಂತಾರೆ. ನಾಲ್ಕು ಜನರ ಸಂಸಾರಕ್ಕೆ ರೈಲಿಗಿಂತ ಇದು ಅಗ್ಗವಾಗುವುದೂ ಉಂಟು. ಆದರೆ ಮೊದಲೇ ದುಡ್ಡು ಕಟ್ಟಿ ಬುಕ್ ಮಾಡಿದ ಕಾರು, ಅಲ್ಲಿನ ವಿಮಾನ ನಿಲ್ದಾಣದ ಕೌಂಟರಿನಲ್ಲಿ ಕೈಗೆ ಸಿಗದೇ ಹೋದರೆ ಕಟ್ಟಿದ ಹಣ ಬಹುಮಟ್ಟಿಗೆ ಹೋದಂತೆಯೇ. ಹಾಗಾಗುವುದಕ್ಕೆ ಕಾರಣ ಹೆಚ್ಚಾಗಿ ಅಲ್ಲಿಯದಲ್ಲ, ಇಲ್ಲಿಂದಲೇ ಹೋದ ಕಾಗದಪತ್ರದ್ದು.

ಬೇಕಾದ ಮುಖ್ಯ ಕಾಗದ ಅಂತರರಾಷ್ಟ್ರೀಯ ಚಾಲನಾ ಪರವಾನಗಿ, ಅಂದರೆ ಐಡಿಪಿ. ಇದು ಬೇರೆ ಲೈಸೆನ್ಸ್ ಅಲ್ಲ. ನಮ್ಮ ಲೈಸೆನ್ಸನ್ನು ಅಲ್ಲಿನವರು ಓದಿ ಅರ್ಥ ಮಾಡಿಕೊಳ್ಳಲು 1949ರ ಜಿನೀವಾ ಒಪ್ಪಂದದ ಪ್ರಕಾರ ಕೊಡುವ ಒಂದು ಪುಸ್ತಕ, ಅಷ್ಟೇ. ಆದ್ದರಿಂದ ಎರಡೂ ಜೊತೆಯಲ್ಲಿರಬೇಕು. ಮೂಲ ಲೈಸೆನ್ಸ್ ಮನೆಯ ಬೀರುವಿನಲ್ಲಿಟ್ಟು ಐಡಿಪಿ ಮಾತ್ರ ಹಿಡಿದು ಹೋದರೆ ಉಪಯೋಗವಿಲ್ಲ. ಬಾಡಿಗೆ ಕಂಪನಿಯವರು ಸಾಮಾನ್ಯವಾಗಿ ಎರಡನ್ನೂ ಕೇಳುತ್ತಾರೆ. ಇಟಲಿ, ಆಸ್ಟ್ರಿಯಾದಂಥ ಕಡೆ ಪೊಲೀಸರೂ ಕೇಳುತ್ತಾರೆ.

ಅರ್ಜಿ ಹಾಕುವುದು ಪರಿವಾಹನ್‌ನ ಸಾರಥಿ ಪೋರ್ಟಲ್‌ನಲ್ಲಿ, ವಾಸಸ್ಥಳದ ಆರ್‌ಟಿಒಗೆ. ಜಯನಗರ (ಕೆಎ 05), ರಾಜಾಜಿನಗರ (ಕೆಎ 02), ಯಶವಂತಪುರ (ಕೆಎ 04) – ನಿಮ್ಮ ಪಿನ್‌ಕೋಡ್ ಯಾವುದಕ್ಕೆ ಸೇರುತ್ತದೋ ಅಲ್ಲಿಗೆ. ಫಾರಂ 4ಎ, ಲೈಸೆನ್ಸ್, ಪಾಸ್‌ಪೋರ್ಟ್, ವೀಸಾ ಪ್ರತಿ, ಫೋಟೊ, 1,000 ರೂಪಾಯಿ ಶುಲ್ಕ. ಅವಧಿ ಒಂದು ವರ್ಷ. ಆದರೆ ಮೂಲ ಲೈಸೆನ್ಸ್ ಅದಕ್ಕೂ ಮೊದಲೇ ಮುಗಿದರೆ ಐಡಿಪಿಯೂ ಅಂದೇ ಮುಗಿಯುತ್ತದೆ. ಇಂಟರ್‌ನೆಟ್‌ನಲ್ಲಿ ಡಾಲರ್ ತೆಗೆದುಕೊಂಡು "ಇಂಟರ್‌ನ್ಯಾಷನಲ್ ಲೈಸೆನ್ಸ್" ಎಂಬ ಕಾರ್ಡ್ ಮನೆಗೆ ಕಳಿಸುವ ಸೈಟುಗಳೂ ಇವೆ. ಅದು ಬರೀ ಖಾಸಗಿಯವರು ಮಾಡಿಕೊಟ್ಟ ಅನುವಾದ, ಸರ್ಕಾರದ ಪರವಾನಗಿ ಅಲ್ಲ.

ಇಲ್ಲಿ ಒಂದು ಇಕ್ಕಟ್ಟಿದೆ. ಷೆಂಗೆನ್ ವೀಸಾ ಸಾಮಾನ್ಯವಾಗಿ 15 ದಿನದಲ್ಲಿ ಬಂದರೂ, ಹೆಚ್ಚಿನ ಪರಿಶೀಲನೆ ಬೇಕೆಂದಾಗ 45 ದಿನದವರೆಗೂ ಹೋಗಬಹುದು. "ವೀಸಾ ಬರಲಿ, ಆಮೇಲೆ ಲೈಸೆನ್ಸ್ ನೋಡೋಣ" ಎಂದು ಕೂತವರಿಗೆ ಕೊನೆಗೆ ಕೈಯಲ್ಲಿ ಉಳಿಯುವುದು ಒಂದು ವಾರ. ಆಗ ಲೈಸೆನ್ಸ್ ತೆಗೆದು ನೋಡಿದರೆ ಅದು ಹಳೇ ಪುಸ್ತಕದ್ದು, ಆನ್‌ಲೈನ್ ದಾಖಲೆಗೆ ಸೇರೇ ಇಲ್ಲ. ಇಲ್ಲವೇ ವಿಳಾಸ ಇನ್ನೂ ಹಾಸನದ್ದೋ ತುಮಕೂರಿನದ್ದೋ. ವೀಸಾ ಅರ್ಜಿಯನ್ನು ಪ್ರಯಾಣಕ್ಕೆ ಆರು ತಿಂಗಳು ಮೊದಲೇ ಹಾಕಲು ಅವಕಾಶವಿದೆ. ಲೈಸೆನ್ಸಿನ ರಿಪೇರಿಯನ್ನು ಅದಕ್ಕೂ ಮೊದಲು ಮುಗಿಸಿಕೊಳ್ಳಿ.

ಅಂಗಡಿ ನಡೆಸುವ ಐವತ್ತು ದಾಟಿದವರು ಅವಧಿಯನ್ನು ವಿಶೇಷವಾಗಿ ನೋಡಬೇಕು. 2019ರ ಮೋಟಾರು ವಾಹನ ತಿದ್ದುಪಡಿಯ ನಂತರ, 50 ತುಂಬಿ 55 ಆಗದವರಿಗೆ ಲೈಸೆನ್ಸ್ 60ನೇ ವಯಸ್ಸಿನವರೆಗೆ ಮಾತ್ರ. 55 ದಾಟಿದ ಮೇಲೆ ಮಾಡಿಸಿದರೆ ಐದೈದು ವರ್ಷಕ್ಕೆ. ಅವಧಿ ಮುಗಿಯುವ ಒಂದು ವರ್ಷ ಮುಂಚಿನಿಂದಲೇ ನವೀಕರಣಕ್ಕೆ ಅರ್ಜಿ ಹಾಕಬಹುದು. ನಲವತ್ತು ದಾಟಿದವರಿಗೆ ವೈದ್ಯರ ಫಾರಂ 1ಎ ಪ್ರಮಾಣಪತ್ರ ಬೇಕು.

ಇನಿಷಿಯಲ್ ತರುವ ತಲೆನೋವು

ನಮ್ಮ ಕಡೆಯವರಿಗೆ ಮಾತ್ರ ಬರುವ ತೊಂದರೆ ಎಂದರೆ ಹೆಸರಿನದು. ಲೈಸೆನ್ಸ್‌ನಲ್ಲಿ ಎರಡು ಇನಿಷಿಯಲ್ ಮತ್ತು ಹೆಸರು. ಪಾಸ್‌ಪೋರ್ಟ್‌ನಲ್ಲಿ ಅದೇ ಇನಿಷಿಯಲ್ ಬಿಡಿಸಿ ಊರಿನ ಹೆಸರು, ಅಪ್ಪನ ಹೆಸರು ಸರ್‌ನೇಮ್ ಜಾಗಕ್ಕೆ ಹೋಗಿರುತ್ತದೆ. ಕ್ರೆಡಿಟ್ ಕಾರ್ಡಿನಲ್ಲಿ ಮೂರನೆಯ ಬಗೆ. ಜಯನಗರದಲ್ಲಿ ಯಾರಿಗೂ ಇದು ವಿಚಿತ್ರ ಅನ್ನಿಸುವುದಿಲ್ಲ. ಮಿಲಾನಿನ ಕೌಂಟರಿನಲ್ಲಿ ಕೂತ ಹುಡುಗನಿಗೆ ಮಾತ್ರ ಇವರು ಮೂವರು ಬೇರೆ ಬೇರೆ ಮನುಷ್ಯರು. ಬಾಡಿಗೆ ಕರಾರಿನಲ್ಲಿ ಮುಖ್ಯ ಚಾಲಕರ ಹೆಸರು, ಕಾರ್ಡಿನ ಹೆಸರು ಒಂದೇ ಇರಬೇಕೆಂದು ಅವರ ಷರತ್ತಿನಲ್ಲೇ ಇರುತ್ತದೆ. ಆದ್ದರಿಂದ ಲೈಸೆನ್ಸ್ ನವೀಕರಿಸುವಾಗಲೇ ಹೆಸರನ್ನು ಪಾಸ್‌ಪೋರ್ಟಿನಂತೆ ಮಾಡಿಸಿಕೊಳ್ಳುವುದು ಜಾಣತನ. ಬುಕಿಂಗ್ ಮಾಡುವಾಗಲೂ ಪಾಸ್‌ಪೋರ್ಟಿನ ಹೆಸರನ್ನೇ ಬರೆಯಿರಿ.

ಕಾರ್ಡು ಕ್ರೆಡಿಟ್ ಕಾರ್ಡೇ ಆಗಿರಲಿ. ಠೇವಣಿಯಾಗಿ ಒಂದಷ್ಟು ನೂರು ಯೂರೊ ತಡೆಹಿಡಿಯುತ್ತಾರೆ, ಡೆಬಿಟ್ ಕಾರ್ಡನ್ನು ಅನೇಕ ಕಡೆ ಒಪ್ಪುವುದಿಲ್ಲ. ರಿಸರ್ವ್ ಬ್ಯಾಂಕಿನ 2020ರ ಆದೇಶದಂತೆ ಹೊಸ ಕಾರ್ಡುಗಳಲ್ಲಿ ವಿದೇಶಿ ವಹಿವಾಟು ತಾನಾಗಿ ಚಾಲೂ ಇರುವುದಿಲ್ಲ. ಬ್ಯಾಂಕ್ ಆ್ಯಪಿನಲ್ಲಿ ಅದನ್ನು ಇಲ್ಲೇ ಆನ್ ಮಾಡಿಕೊಂಡು ಹೋಗಬೇಕು. ಗೇರ್ ಕಾರೋ ಆಟೋಮ್ಯಾಟಿಕ್ಕೋ ಎಂಬುದನ್ನೂ ಬುಕಿಂಗ್‌ನಲ್ಲೇ ತೀರ್ಮಾನಿಸಿ. ಅಲ್ಲಿ ಸ್ಟೇರಿಂಗ್ ಎಡಗಡೆ, ಗೇರ್ ಬಲಗೈಗೆ. ಆಟೋಮ್ಯಾಟಿಕ್‌ಗೆ ಬಾಡಿಗೆ ಸ್ವಲ್ಪ ಜಾಸ್ತಿ, ಆದರೆ ಮೊದಲ ಸಲ ಹೋಗುವವರಿಗೆ ಆ ದುಡ್ಡು ದಂಡವಲ್ಲ. ಮಕ್ಕಳಿದ್ದರೆ ಚೈಲ್ಡ್ ಸೀಟನ್ನೂ ಆಗಲೇ ಹೇಳಿಡಿ. ಜರ್ಮನಿ‌ಯಲ್ಲಿ 12 ವರ್ಷದೊಳಗಿನ, 150 ಸೆಂ.ಮೀ.ಗಿಂತ ಕುಳ್ಳಗಿರುವ ಮಗುವಿಗೆ ಅದು ಕಡ್ಡಾಯ. ಅಜ್ಜಿಯ ತೊಡೆ ಲೆಕ್ಕಕ್ಕಿಲ್ಲ.

ಬಲಗಡೆಯಿಂದ ಬಂದವರಿಗೆ ದಾರಿ

ಇಂಗ್ಲೆಂಡಿನಲ್ಲಾದರೆ ನಮ್ಮ ಹಾಗೇ ಎಡಗಡೆ ಸಂಚಾರ. ಫ್ರಾನ್ಸ್, ಜರ್ಮನಿ, ಇಟಲಿ, ಸ್ವಿಟ್ಜರ್ಲೆಂಡ್ ಎಲ್ಲ ಬಲಗಡೆ. ಇದಕ್ಕೆ ಒಂದೆರಡು ದಿನದಲ್ಲಿ ಕೈ ಕೂರುತ್ತದೆ. ಕೈ ಕೊಡುವುದು ಸಣ್ಣ ಕ್ರಾಸುಗಳು. ಮಲ್ಲೇಶ್ವರದ ಮಾರ್ಗೋಸಾ ರಸ್ತೆಗೆ ಸೇರುವ ಕ್ರಾಸುಗಳಲ್ಲಿ ಯಾರು ಮೊದಲು ಮೂತಿ ತೂರಿಸಿದರೋ ಅವರದೇ ದಾರಿ. ಅಲ್ಲಿ ಸಿಗ್ನಲ್ಲೂ ಬೋರ್ಡೂ ಇಲ್ಲದ ಕ್ರಾಸಿನಲ್ಲಿ ಬಲಗಡೆಯಿಂದ ಬರುವ ವಾಹನಕ್ಕೆ ದಾರಿ ಬಿಡಲೇಬೇಕು, ನೀವು ಅಗಲವಾದ ರಸ್ತೆಯಲ್ಲಿದ್ದರೂ ಸರಿ. ಬಲಗಡೆಯವರು ತಿರುಗಿಯೂ ನೋಡದೆ ಬಂದುಬಿಡುತ್ತಾರೆ, ಏಕೆಂದರೆ ಹಕ್ಕು ಅವರದು. ಹಳದಿ ವಜ್ರಾಕಾರದ ಬೋರ್ಡ್ ಕಂಡರೆ ಮಾತ್ರ ನಿಮ್ಮ ರಸ್ತೆಗೆ ಆದ್ಯತೆ. (ಬಲಗಡೆಯವರಿಗೆ ದಾರಿ ಬಿಡಬೇಕೆಂಬ ಮಾತು ನಮ್ಮ 1989ರ ರಸ್ತೆ ನಿಯಮಾವಳಿಯಲ್ಲೂ ಇತ್ತು. ನೆನಪಿಟ್ಟವರು ಯಾರು?) ಹೆದ್ದಾರಿಯಲ್ಲಿ ಬಲ ಲೇನ್ ಹಿಡಿದು ಹೋಗಿ, ಎಡದಿಂದ ಮಾತ್ರ ಓವರ್‌ಟೇಕ್ ಮಾಡಿ. ಜರ್ಮನಿಯ ಆಟೋಬಾನ್‌ನಲ್ಲಿ ಕೆಲವು ಕಡೆ ವೇಗಕ್ಕೆ ಮಿತಿಯೇ ಇಲ್ಲ, ಎಡ ಲೇನಿನಲ್ಲಿ ಆರಾಮಾಗಿ ಹೋಗುವ ಅಭ್ಯಾಸ ಅಲ್ಲಿ ಅಪಾಯ.

ಬಸವನಗುಡಿಯಲ್ಲಿ ಕಡಲೆಕಾಯಿ ಪರಿಷೆ ಬಂದರೆ ಬುಲ್ ಟೆಂಪಲ್ ರಸ್ತೆಗೆ ಬ್ಯಾರಿಕೇಡ್ ಬೀಳುತ್ತದೆ, ಪೊಲೀಸರು ನಿಂತು ಬೇರೆ ದಾರಿ ತೋರಿಸುತ್ತಾರೆ. ಇಟಲಿಯ ಫ್ಲಾರೆನ್ಸ್, ಪೀಸಾ, ರೋಮ್‌ನಂಥ ಊರುಗಳ ಹಳೇ ಪೇಟೆಗೂ ಹೊರಗಿನ ಕಾರು ಹೋಗುವಂತಿಲ್ಲ. ಆದರೆ ಅಲ್ಲಿ ಬ್ಯಾರಿಕೇಡೂ ಇಲ್ಲ, ಪೊಲೀಸರೂ ಇಲ್ಲ. "ಜ಼ೆಡ್‌ಟಿಎಲ್" ಎಂದು ಬರೆದ ಒಂದು ಬೋರ್ಡು, ಒಂದು ಕ್ಯಾಮೆರಾ. ಮೂರು ಸಲ ಒಳಗೆ ಹೋದರೆ ಮೂರು ದಂಡ. ಹೋಟೆಲ್ ಹಳೇ ಪೇಟೆಯೊಳಗಿದ್ದರೆ, ಕಾರಿನ ನಂಬರನ್ನು ಪಟ್ಟಿಗೆ ಸೇರಿಸುತ್ತೀರಾ ಎಂದು ಮೊದಲೇ ಹೋಟೆಲಿನವರನ್ನು ಕೇಳಿ.

ಟೋಲ್ ದೇಶಕ್ಕೊಂದು ಬಗೆ. ಜರ್ಮನಿಯಲ್ಲಿ ಕಾರಿಗೆ ಹೆದ್ದಾರಿ ಟೋಲ್ ಇಲ್ಲ. ಸ್ವಿಟ್ಜರ್ಲೆಂಡಿನ ಹೆದ್ದಾರಿಗೆ ವಿನ್ಯೆಟ್ ಎಂಬ ಪಾಸ್ ಬೇಕು. ಒಂದೇ ದಿನ ಓಡಿಸಿದರೂ ಇಡೀ ವರ್ಷದ 40 ಫ್ರಾಂಕ್, ಇಲ್ಲದೆ ಸಿಕ್ಕಿಬಿದ್ದರೆ 200 ಫ್ರಾಂಕ್ ದಂಡ. ಆಸ್ಟ್ರಿಯಾದಲ್ಲಿ ಹತ್ತು ದಿನದ್ದೂ ಒಂದು ದಿನದ್ದೂ ಸಿಗುತ್ತದೆ. ಪ್ಯಾರಿಸ್‌ನಿಂದ ನಾರ್ಮಂಡಿ ಕಡೆಗೆ ಹೋಗುವ ಎ13 ಹೆದ್ದಾರಿಯಲ್ಲಿ ಟೋಲ್ ಬೂತ್‌ಗಳನ್ನೇ ತೆಗೆದಿದ್ದಾರೆ, 72 ಗಂಟೆಯೊಳಗೆ ಆನ್‌ಲೈನಿನಲ್ಲಿ ಕಟ್ಟಬೇಕು. ಕಾರನ್ನು ಯಾವ ಯಾವ ದೇಶಕ್ಕೆ ಒಯ್ಯುತ್ತೀರೆಂದು ಬಾಡಿಗೆ ಕಂಪನಿಗೆ ಹೇಳಿರಬೇಕು. ಹೇಳದ ದೇಶದಲ್ಲಿ ಅಪಘಾತವಾದರೆ ವಿಮೆ ಕೈಬಿಡಬಹುದು.

ಪೆಟ್ರೋಲ್ ನಾವೇ ಹಾಕಿಕೊಳ್ಳಬೇಕು. ಇಟಲಿಯಲ್ಲಿ "ಗಾಸೋಲಿಯೋ" ಎಂದರೆ ಡೀಸೆಲ್, "ಬೆಂಜೀನಾ" ಪೆಟ್ರೋಲ್. ಸ್ಪೇನ್‌ನಲ್ಲಿ "ಗಾಸೋಲಿನಾ" ಪೆಟ್ರೋಲ್. ಹೆಸರು ನಂಬುವ ಬದಲು ಚಿಹ್ನೆ ನೋಡಿ: 2018ರಿಂದ ಐರೋಪ್ಯ ಒಕ್ಕೂಟದಲ್ಲಿ ಪೆಟ್ರೋಲಿಗೆ ವೃತ್ತ, ಡೀಸೆಲಿಗೆ ಚೌಕ. ಕಾರಿನ ಟ್ಯಾಂಕ್ ಮುಚ್ಚಳದ ಬಳಿಯೂ ಅದೇ ಗುರುತು ಇರುತ್ತದೆ. ಅಪಘಾತವಾದರೆ ಕರೆಯಬೇಕಾದ ನಂಬರ್ 112, ನಮ್ಮಲ್ಲಿ ಇರುವುದೇ.

ವಾಪಸ್ ಬಂದ ಮೇಲೂ ಬಾಡಿಗೆ ಕರಾರು, ಟೋಲ್ ರಸೀದಿಗಳನ್ನು ಒಂದು ವರ್ಷ ಎಸೆಯಬೇಡಿ. ಇಟಲಿಯವರು ಹೊರದೇಶದವರಿಗೆ ದಂಡದ ನೋಟಿಸ್ ಕಳಿಸಲು 360 ದಿನಗಳ ಅವಕಾಶವಿದೆ. ಬಾಡಿಗೆ ಕಂಪನಿಯವರು ವಿಳಾಸ ಕೊಟ್ಟದ್ದಕ್ಕೆಂದು ಬೇರೆ ಶುಲ್ಕವನ್ನೂ ಕಾರ್ಡಿನಿಂದ ಹಿಡಿದುಕೊಳ್ಳುತ್ತಾರೆ. ಚಾಮರಾಜಪೇಟೆಯ ಮನೆಗೆ ಇಟಾಲಿಯನ್ ಭಾಷೆಯ ಕಾಗದ ಬಂದ ದಿನ, ತಾರೀಖು ಮತ್ತು ಕಾರಿನ ನಂಬರ್ ಹೋಲಿಸಿ ನೋಡಲು ಇರುವುದು ಆ ಕರಾರು ಒಂದೇ.