ಬೆಲ್ಲೋ ಮೇಲೆ ಕೂತ ಬಸ್ಸು: ಎತ್ತರ ಹೊಂದಿಸುವ ಬಗೆ

ರಾತ್ರಿ ಬಸ್ಸು ಮೆಜೆಸ್ಟಿಕ್ ಬಿಡುವ ಹೊತ್ತಿಗೆ ನಲವತ್ತು ಜನ ಹತ್ತಿ ಕೂತಿರುತ್ತಾರೆ, ಡಿಕ್ಕಿ ಲಗೇಜಿನಿಂದ ತುಂಬಿರುತ್ತದೆ. ಕಮಾನು ಪಟ್ಟಿಯ ಕೆಂಪು ಬಸ್ಸಾದರೆ ಅಷ್ಟು ಭಾರಕ್ಕೆ ತಗ್ಗಿ ನಿಲ್ಲುತ್ತದೆ. ಏರ್ ಸಸ್ಪೆನ್ಷನ್ ಇರುವ ಐರಾವತ ಮಾತ್ರ ಖಾಲಿಯಿದ್ದಾಗ ಎಷ್ಟೆತ್ತರವೋ ತುಂಬಿದಾಗಲೂ ಅಷ್ಟೇ. ಈ ಎತ್ತರಕ್ಕೆ ಗ್ಯಾರೇಜಿನ ಹೆಸರು ‘ರೈಡ್ ಹೈಟ್’. ಅದು ತಪ್ಪಿ ಬಸ್ಸು ವಾಲಿದಾಗ ‘ಸ್ವಲ್ಪ ಗಾಳಿ ಜಾಸ್ತಿ ಮಾಡಿ’ ಎನ್ನುವವರೇ ಹೆಚ್ಚು. ಟೈರಿನ ಮಟ್ಟಿಗೆ ಆ ಮಾತು ಸರಿ, ಸಸ್ಪೆನ್ಷನ್ನಿಗೆ ಒಪ್ಪುವುದಿಲ್ಲ.

ಯಾಕೆಂದು ತಿಳಿಯಲು ಸಣ್ಣದೊಂದು ಲೆಕ್ಕ ಸಾಕು. ಚಾಸಿಗೂ ಆಕ್ಸಲ್‌ಗೂ ನಡುವೆ ಕೂತಿರುವ ದಪ್ಪ ರಬ್ಬರಿನ ಗಾಳಿಚೀಲವೇ ಬೆಲ್ಲೋ. ಒಳಗಿನ ಒತ್ತಡವನ್ನು ಅದು ಕೆಲಸ ಮಾಡುವ ವಿಸ್ತೀರ್ಣದಿಂದ ಗುಣಿಸಿದರೆ ಬೆಲ್ಲೋ ಹೊತ್ತ ಭಾರ ಸಿಗುತ್ತದೆ. ವ್ಯಾಸ 25 ಸೆಂ.ಮೀ., ಒತ್ತಡ 4 ಬಾರ್ ಅಂದುಕೊಂಡರೆ ಒಂದು ಬೆಲ್ಲೋ ಸುಮಾರು 2,000 ಕೆ.ಜಿ. ಹೊರುತ್ತದೆ. ತಲಾ 65 ಕೆ.ಜಿ.ಯ ನಲವತ್ತು ಜನ ಹತ್ತಿದರೆ 2,600 ಕೆ.ಜಿ. ಹೆಚ್ಚಾಯಿತು. ಮುಂದೆ ಎರಡು, ಹಿಂದೆ ನಾಲ್ಕು, ಒಟ್ಟು ಆರು ಬೆಲ್ಲೋಗಳಿಗೆ ಅದು ಸಮನಾಗಿ ಹಂಚಿತು ಎಂದರೆ ಒಂದೊಂದರ ಒತ್ತಡ ಇನ್ನೂ 0.9 ಬಾರ್‌ನಷ್ಟು ಏರಬೇಕು. ಅಂದರೆ ಒತ್ತಡ ಎಷ್ಟಿರಬೇಕೆಂದು ತೀರ್ಮಾನಿಸುವುದು ಭಾರ. ಎತ್ತರವನ್ನು ತೀರ್ಮಾನಿಸುವುದು ಬೇರೆಯೇ ಒಂದು ಭಾಗ, ಲೆವೆಲಿಂಗ್ ವಾಲ್ವ್.

ಈ ವಾಲ್ವನ್ನು ಚಾಸಿಗೆ ಬಿಗಿದಿರುತ್ತಾರೆ. ಅದರಿಂದ ಹೊರಟ ಲಿವರ್ ಒಂದು ಲಿಂಕ್ ರಾಡಿನ ಮೂಲಕ ಆಕ್ಸಲ್‌ಗೆ ಸೇರಿರುತ್ತದೆ. ಭಾರ ಬಿದ್ದು ಚಾಸಿ ಇಳಿದರೆ ರಾಡು ಲಿವರನ್ನು ಮೇಲಕ್ಕೆ ತಳ್ಳುತ್ತದೆ, ಟ್ಯಾಂಕಿನ ಗಾಳಿ ಬೆಲ್ಲೋಗೆ ನುಗ್ಗುತ್ತದೆ. ಜನ ಇಳಿದು ಚಾಸಿ ಎದ್ದರೆ ಲಿವರ್ ಕೆಳಕ್ಕೆ ಬಂದು ಗಾಳಿ ಹೊರಬೀಳುತ್ತದೆ. ನಡುವಿನ ನ್ಯೂಟ್ರಲ್ ಸ್ಥಾನದಲ್ಲಿ ಎರಡೂ ದಾರಿ ಬಂದ್. ಪ್ರತಿ ಗುಂಡಿಗೂ ಗಾಳಿ ತುಂಬಿ ಬಿಡುವಂತಾದರೆ ಕಂಪ್ರೆಸರ್‌ಗೆ ಬಿಡುವೇ ಇರುವುದಿಲ್ಲ. ಅದಕ್ಕಾಗಿ ನ್ಯೂಟ್ರಲ್‌ನ ಆಚೀಚೆ ಸ್ವಲ್ಪ ಸಡಿಲ ಇಟ್ಟಿರುತ್ತಾರೆ. ಕೆಲವು ವಾಲ್ವುಗಳು ಕೆಲ ಸೆಕೆಂಡು ಕಾದ ಮೇಲೇ ಗಾಳಿ ಬಿಡುತ್ತವೆ.

ಬಸ್ಸಿಗೆ ಬೆಲ್ಲೋ ಆರಿದ್ದರೂ ಲೆವೆಲಿಂಗ್ ವಾಲ್ವ್ ಸಾಮಾನ್ಯವಾಗಿ ಮೂರೇ: ಒಂದು ಆಕ್ಸಲ್‌ಗೆ ಒಂದು, ಇನ್ನೊಂದರ ಎಡಬಲಕ್ಕೆ ಎರಡು. ನಾಲ್ಕು ಕಾಲಿನ ಮೇಜು ಏರುಪೇರಿನ ನೆಲದಲ್ಲಿ ಕುಂಟುತ್ತದೆ, ಮೂರು ಕಾಲಿನ ಸ್ಟೂಲು ಕುಂಟುವುದಿಲ್ಲ. ನಾಲ್ಕು ಮೂಲೆಗೂ ಸ್ವತಂತ್ರ ವಾಲ್ವ್ ಕೊಟ್ಟರೆ ಒಂದು ಮೂಲೆ ಎತ್ತಿದ್ದನ್ನು ಇನ್ನೊಂದು ಇಳಿಸುತ್ತ, ಎದುರುಬದುರು ಮೂಲೆಗಳು ಭಾರಕ್ಕಾಗಿ ಜಗಳಕ್ಕೆ ಬಿದ್ದು ಚಾಸಿಯನ್ನು ತಿರುಚುತ್ತವೆ.

ಎತ್ತರ ತಪ್ಪಿದರೆ ಏನಾಗುತ್ತದೆ?

ಹಿಂಭಾಗ ತೀರಾ ಮೇಲೆದ್ದರೆ ಶಾಕ್ ಅಬ್ಸಾರ್ಬರುಗಳು ತುದಿಯವರೆಗೆ ಎಳೆದುಕೊಂಡೇ ಇರುತ್ತವೆ, ಪ್ರತಿ ಗುಂಡಿಗೂ ಅವುಗಳ ಬುಷ್‌ಗೆ ಏಟು. ತಗ್ಗಿದರೆ ಹಂಪ್‌ಗೆ ಅಡಿಭಾಗ ತಾಗುತ್ತದೆ, ಆಕ್ಸಲ್ ಬಂಪ್ ಸ್ಟಾಪ್ ಎಂಬ ರಬ್ಬರ್ ದಿಂಬಿಗೆ ಬಡಿಯುತ್ತದೆ. ಎಂಜಿನ್ ಮುಂದಿರುವ ಗಾಡಿಗಳಲ್ಲಿ ಎತ್ತರದ ಜೊತೆಗೆ ಪ್ರೊಪೆಲ್ಲರ್ ಶಾಫ್ಟಿನ ಕೋನವೂ ಬದಲಾಗಿ ನಡುಕ ಬರುತ್ತದೆ, ಯೂನಿವರ್ಸಲ್ ಜಾಯಿಂಟ್ ಬೇಗ ಸವೆಯುತ್ತದೆ.

ಎಲ್ಲಕ್ಕಿಂತ ಗಂಭೀರವಾದದ್ದು ಬ್ರೇಕಿನ ವಿಷಯ. ಲೋಡಿಗೆ ತಕ್ಕಂತೆ ಬ್ರೇಕ್ ಹಂಚುವ ಲೋಡ್ ಸೆನ್ಸಿಂಗ್ ವಾಲ್ವ್ ಇರುವ ಏರ್ ಸಸ್ಪೆನ್ಷನ್ ಲಾರಿ, ಟ್ರೇಲರ್‌ಗಳಲ್ಲಿ ಆ ವಾಲ್ವ್ ಭಾರವನ್ನು ಅಂದಾಜಿಸುವುದು ಬೆಲ್ಲೋ ಒತ್ತಡ ನೋಡಿ. ಗಾಡಿ ತಗ್ಗಿ ಬಂಪ್ ಸ್ಟಾಪ್ ಮೇಲೆ ಕೂತರೆ ಭಾರದ ಒಂದು ಪಾಲು ರಬ್ಬರ್ ದಿಂಬಿಗೆ ಹೋಗಿ ಬೆಲ್ಲೋ ಒತ್ತಡ ಇಳಿಯುತ್ತದೆ. ವಾಲ್ವ್ ‘ಗಾಡಿ ಖಾಲಿ’ ಎಂದು ತಿಳಿದು ಆ ಆಕ್ಸಲ್‌ಗೆ ಕಡಿಮೆ ಬ್ರೇಕ್ ಕೊಡುತ್ತದೆ. ತುಂಬಿದ ಗಾಡಿಗೆ ಖಾಲಿ ಗಾಡಿಯ ಬ್ರೇಕ್!

ಮೊದಲು ರೋಗ ಗುರುತಿಸಿ

ವಾಲಿದ ಗಾಡಿಗೆಲ್ಲ ಎತ್ತರ ಹೊಂದಿಸುವ ಕ್ಯಾಲಿಬ್ರೇಷನ್ ಮದ್ದಲ್ಲ. ರಾತ್ರಿ ಸಮನಾಗಿ ನಿಲ್ಲಿಸಿದ್ದ ಗಾಡಿಯ ಒಂದು ಮೂಲೆ ಬೆಳಿಗ್ಗೆ ಕುಸಿದಿದ್ದು, ಎಂಜಿನ್ ಹಾಕಿ ಗಾಳಿ ಏರಿದ ಮೇಲೆ ಸರಿಹೋದರೆ ಅದು ಲೀಕ್. ಸೋಪಿನ ನೀರು ಬಳಿದು ಪೈಪಿನ ಜಾಯಿಂಟು, ಬೆಲ್ಲೋ ಮಡಿಕೆ, ವಾಲ್ವಿನ ಬಾಯಿ ನೋಡಬೇಕು. ಗಾಳಿ ಪೂರ್ತಿ ಇದ್ದೂ ಗಾಡಿ ಪ್ರತಿ ಸಲ ಅದೇ ತಪ್ಪು ಎತ್ತರಕ್ಕೆ ಬಂದು ನಿಂತರೆ ಮಾತ್ರ ಅಳತೆ ತಪ್ಪಿದೆ ಎಂದರ್ಥ. ಲಿಂಕ್ ರಾಡ್ ಬಗ್ಗಿರಬಹುದು, ಅದರ ತುದಿಯ ರಬ್ಬರ್ ಸವೆದಿರಬಹುದು, ವಾಲ್ವ್ ಬದಲಿಸಿದವರು ಅಳೆಯದೆ ಬಿಟ್ಟಿರಬಹುದು. ಲೀಕ್ ಇಟ್ಟುಕೊಂಡು ಎತ್ತರ ಹೊಂದಿಸಿದರೆ ಕಂಪ್ರೆಸರ್ ಸವೆಯುತ್ತದೆಯೇ ಹೊರತು ರೋಗ ಹೋಗುವುದಿಲ್ಲ.

ಹೊಂದಿಸುವ ಕ್ರಮ

ಬೆಲ್ಲೋ ಗಾಳಿಯನ್ನಷ್ಟೇ ನಂಬಿ ಯಾರೂ ಗಾಡಿಯಡಿ ನುಸುಳಬಾರದು. ಒಂದು ಪೈಪ್ ಕಳಚಿದರೆ ಚಾಸಿ ಕಣ್ಣು ಮಿಟುಕಿಸುವಷ್ಟರಲ್ಲಿ ಕೆಳಗೆ ಕೂರುತ್ತದೆ. ಚಾಸಿಗೆ ಗಟ್ಟಿ ಸ್ಟ್ಯಾಂಡ್ ಕೊಡದೆ ಕೆಲಸ ಶುರುವಿಲ್ಲ.

ಸಮತಟ್ಟಾದ ನೆಲದಲ್ಲಿ ಖಾಲಿ ಗಾಡಿಯನ್ನು ನೇರವಾಗಿ ನಿಲ್ಲಿಸಿ, ಟೈರಿನ ಗಾಳಿ ಸರಿಮಾಡಿ, ಚಕ್ರಗಳಿಗೆ ಅಡೆ ಕೊಟ್ಟು ಬ್ರೇಕ್ ಬಿಡಬೇಕು. ಬ್ರೇಕ್ ಬಿಡುವುದಕ್ಕೆ ಕಾರಣವಿದೆ. ಚಾಸಿ ಏರಿಳಿದಾಗ ಆಕ್ಸಲ್ ಕಮಾನಿನಂತೆ ಸ್ವಲ್ಪ ಹಿಂದೆ ಮುಂದೆ ಸರಿಯುತ್ತದೆ. ಚಕ್ರ ಹಿಡಿದುಕೊಂಡಿದ್ದರೆ ಬುಷ್‌ಗಳು ತಿರುಚಿಕೊಂಡು ಅಳತೆ ಸುಳ್ಳಾಗುತ್ತದೆ. ಟ್ಯಾಂಕಿನಲ್ಲಿ ಗಾಳಿ ಪೂರ್ತಿ ಏರಲಿ. ಸಸ್ಪೆನ್ಷನ್ನಿಗೆ ಗಾಳಿ ಸಿಗುವುದು ಬ್ರೇಕಿನ ಪಾಲು ಮುಗಿದ ಮೇಲೆಯೇ, ನಡುವೆ ಪ್ರೊಟೆಕ್ಷನ್ ವಾಲ್ವ್ ಕಾವಲಿದೆ.

ಎತ್ತರ ಅಳೆಯುವುದು ನೆಲದಿಂದಲ್ಲ. ಕಂಪನಿಯ ಕೈಪಿಡಿಯಲ್ಲಿ ಹೇಳಿದ ಎರಡು ಬಿಂದುಗಳ ನಡುವೆ, ಬಸ್ಸು ಲಾರಿಗಳಲ್ಲಿ ಸಾಮಾನ್ಯವಾಗಿ ಚಾಸಿಯ ಅಡಿಯಿಂದ ಆಕ್ಸಲ್‌ವರೆಗೆ ಟೇಪ್ ಹಿಡಿಯಬೇಕು. ಆಗ ಟೈರಿನ ಸವೆತ ಲೆಕ್ಕಕ್ಕೆ ಬರುವುದಿಲ್ಲ. ಎತ್ತರ ಎಷ್ಟಿರಬೇಕು ಎಂಬುದು ಮಾಡೆಲ್‌ಗೆ ತಕ್ಕಂತೆ ಬೇರೆ, ಪಕ್ಕದ ಬಸ್ಸಿನ ಅಂಕಿ ನಿಮ್ಮ ಬಸ್ಸಿಗೆ ನಡೆಯದು.

ಈಗ ಲಿಂಕ್ ರಾಡ್ ಕಳಚಿ ಲಿವರನ್ನು ಕೈಯಿಂದ ಇಳಿಸಿ ಬೆಲ್ಲೋ ಗಾಳಿ ಬಿಡಿ. ಮತ್ತೆ ಲಿವರ್ ಎತ್ತಿ ಗಾಳಿ ತುಂಬುತ್ತ ಬನ್ನಿ, ಬೇಕಾದ ಅಂಕಿ ಬಂದ ಕೂಡಲೇ ನ್ಯೂಟ್ರಲ್‌ಗೆ ತನ್ನಿ. ಅನೇಕ ವಾಲ್ವುಗಳಲ್ಲಿ ನ್ಯೂಟ್ರಲ್ ಹಿಡಿದಿಡಲು ಪಿನ್ ತೂರಿಸುವ ತೂತು ಇರುತ್ತದೆ. ಗಾಡಿ ಬೇಕಾದ ಎತ್ತರದಲ್ಲಿ, ಲಿವರ್ ನ್ಯೂಟ್ರಲ್‌ನಲ್ಲಿ ಇರುವಾಗ ರಾಡಿನ ಉದ್ದವನ್ನು ಆ ಅಂತರಕ್ಕೆ ಹೊಂದಿಸಿ ಬಿಗಿದರೆ ಮುಖ್ಯ ಕೆಲಸ ಮುಗಿಯಿತು. ರಾಡು ನೆಟ್ಟಗೆ ನಿಂತು ನೇರ ಆಕ್ಸಲ್‌ಗೇ ಸೇರಿದ್ದರೆ 5 ಮಿ.ಮೀ. ಉದ್ದ ಹೆಚ್ಚಿಸಿದಾಗ ಗಾಡಿ ಇಳಿಯುವುದೋ ಏರುವುದೋ ಎಂಬ ಗೊಂದಲ ಬೇಡ: 5 ಮಿ.ಮೀ. ಏರುತ್ತದೆ.

ಪಿನ್ ತೆಗೆದು, ಗಾಳಿ ಬಿಟ್ಟು, ತಾನಾಗಿ ತುಂಬಿಕೊಳ್ಳಲು ಬಿಟ್ಟು ಮತ್ತೆ ಅಳೆಯಿರಿ. ಪ್ರತಿ ಸಲವೂ ಕೆಳಗಿನಿಂದ ಮೇಲಕ್ಕೇ ಬರಬೇಕು. ಮೇಲಿನಿಂದ ಇಳಿದು ಬಂದರೆ ವಾಲ್ವಿನ ಸಡಿಲದ ಇನ್ನೊಂದು ಅಂಚಿನಲ್ಲಿ ಗಾಡಿ ನಿಂತು ಬೇರೆಯೇ ಅಂಕಿ ತೋರಿಸುತ್ತದೆ. ಒತ್ತಡದ ಗೇಜಿಗೆ ಕೆಲಸ ಬರುವುದು ಈಗ. ಎರಡು ವಾಲ್ವ್ ಇರುವ ಆಕ್ಸಲ್‌ನಲ್ಲಿ ಎಡಬಲದ ಎತ್ತರ ಒಂದೇ ಇದ್ದು ಒತ್ತಡದಲ್ಲಿ ದೊಡ್ಡ ಅಂತರ ಕಂಡರೆ ಚಾಸಿ ಎಲ್ಲೋ ತಿರುಚಿಕೊಂಡಿದೆ ಎಂದೇ ಅನುಮಾನಿಸಬೇಕು.

ಕಾರಿನಲ್ಲಿ ಸೆನ್ಸರ್

ರೇಂಜ್ ರೋವರ್‌ನಂಥ ಕಾರುಗಳಲ್ಲಿ ಲಿವರ್ ತಿರುಗಿಸುವುದು ವಾಲ್ವನ್ನಲ್ಲ, ಹೈಟ್ ಸೆನ್ಸರನ್ನು. ಕಂಪ್ಯೂಟರಿಗೆ ತಿಳಿಯುವುದು ಸೆನ್ಸರಿನ ಕೋನ ಮಾತ್ರ, ಆ ಕೋನಕ್ಕೆ ಎಷ್ಟು ಮಿಲಿಮೀಟರ್ ಎಂದು ಯಾರಾದರೂ ಹೇಳಿಕೊಡಬೇಕು. ಟೆಕ್ನಿಷಿಯನ್ ಚಕ್ರದ ನಡುಬಿಂದುವಿನಿಂದ ಮಡ್‌ಗಾರ್ಡ್ ಕಮಾನಿನ ಅಂಚಿಗೆ ನಾಲ್ಕೂ ಕಡೆ ಅಳೆದು, ಸ್ಕ್ಯಾನರಿನ ಮೂಲಕ ಆ ಅಂಕಿಗಳನ್ನು ಕೊಡುತ್ತಾನೆ. ಸೆನ್ಸರ್, ಕಂಪ್ಯೂಟರ್ ಅಥವಾ ಸೆನ್ಸರ್ ಸೇರಿದ ಸಸ್ಪೆನ್ಷನ್ ತೋಳು ಬದಲಿಸಿದಾಗ ಈ ಕೆಲಸ ಆಗಲೇಬೇಕು. ಸೆನ್ಸರಿನ ರಾಡು ತೋಳಿನ ನಡುವೆ ಸೇರಿದ್ದರೆ ಅಲ್ಲಿನ 1 ಮಿ.ಮೀ. ತಪ್ಪು ಚಕ್ರದ ಬಳಿ ಸುಮಾರು 2 ಮಿ.ಮೀ. ಆಗುತ್ತದೆ. ಕಾರು ತಗ್ಗಾಗಿ ಕಾಣಲೆಂದು ಬೇರೆ ಉದ್ದದ ರಾಡು ಹಾಕಿಸುವವರು ಮಾಡುವುದು ಸೆನ್ಸರಿಗೆ ಸುಳ್ಳು ಹೇಳುವ ಕೆಲಸವನ್ನೇ. ಕಂಪ್ಯೂಟರ್ ಅದನ್ನು ನಂಬುತ್ತದೆ, ಟೈರಿನ ಒಳಅಂಚು ಬೆಲೆ ತೆರುತ್ತದೆ.

ಬಸ್ಸಾಗಲಿ ಕಾರಾಗಲಿ, ಗ್ಯಾರೇಜಿನಿಂದ ಗಾಡಿ ಬಿಡಿಸಿಕೊಳ್ಳುವಾಗ ಜಾಬ್ ಕಾರ್ಡಿನಲ್ಲಿ ಮೂರು ವಿವರ ಬರೆಸಿಕೊಳ್ಳಿ: ಯಾವ ಬಿಂದುವಿನಿಂದ ಯಾವ ಬಿಂದುವಿಗೆ ಅಳೆದರು, ಮೊದಲು ಎಷ್ಟಿತ್ತು, ಈಗ ಎಷ್ಟಿದೆ. ಮುಂದಿನ ಸಲ ಗಾಡಿ ವಾಲಿದಾಗ ಟೇಪ್ ಹಿಡಿದು ಹೋಲಿಸಲು ಆ ಅಂಕಿಗಳೇ ಆಧಾರ. ಅವು ಬರೆದಿಲ್ಲವೆಂದರೆ ಅಳೆದಿಲ್ಲವೆಂದೇ ತಿಳಿಯಿರಿ.