ತಂತಿ ಮೀಟಿ ಹೊಟ್ಟೆ ಹೊರೆಯಬಹುದೇ?

ಕಳೆದ ಯುಗಾದಿಯ ದಿನ ಮೆಹದಿಪಟ್ಟಣದ ನಮ್ಮ ಎರಡು ಕೋಣೆಯ ಮನೆಯಲ್ಲಿ ಒಂದು ಸಣ್ಣ ಬಿರುಗಾಳಿಯೆದ್ದಿತು. ಬಿ.ಕಾಂ. ಮುಗಿಸಿ ಸರ್ಕಾರಿ ನೌಕರಿಯ ಪರೀಕ್ಷೆಗೆ ಓದುತ್ತಿದ್ದ ನನ್ನ ತಮ್ಮ, ಹೋಳಿಗೆಯ ಎಲೆಯ ಮುಂದೆ ಕುಳಿತು, "ಅಣ್ಣಾ, ನಾನು ಪರೀಕ್ಷೆಗೆ ಕೂಡುವುದಿಲ್ಲ. ಗಿಟಾರ್ ನುಡಿಸುತ್ತೇನೆ, ಕಲಿಸುತ್ತೇನೆ" ಎಂದುಬಿಟ್ಟ. ಬಡಿಸುತ್ತಿದ್ದ ತಾಯಿಯವರ ಕೈ ನಿಂತಿತು. ನಾನು ಗುಮಾಸ್ತ, ತಿಂಗಳ ಮೊದಲ ತಾರೀಖಿನ ಬೆಲೆ ಬಲ್ಲವನು. ಸಿಟ್ಟು ಬಂದಿತು. ಆದರೂ ಬೈಯುವ ಮೊದಲು ವಿಚಾರಿಸೋಣವೆಂದುಕೊಂಡೆ.

ಅವನ ಮನಸ್ಸು ಹಿಡಿದದ್ದು ಶಾಸ್ತ್ರೀಯ ಗಿಟಾರು. ಆರು ತಂತಿ, ಬೆರಳು ಉಗುರುಗಳಿಂದಲೇ ಮೀಟಬೇಕು, ಹಾಡನ್ನೂ ಅದಕ್ಕೆ ಆಧಾರವಾದ ಸ್ವರಗಳನ್ನೂ ಒಬ್ಬನೇ ನುಡಿಸಬೇಕು. ಮೆಟ್ಟಿಲುಗಳಿರುವ ನಮ್ಮ ವೀಣೆಗೆ ದೂರದ ನೆಂಟನೆನ್ನಬಹುದು.

ಒಂದು ಸೋಜಿಗ ಕೇಳಿ. ಈ ವಾದ್ಯಕ್ಕೆ ಹೊಸ ದಾರಿ ತೋರಿದ ಸ್ಪೇನಿನ ಫ್ರಾನ್ಸಿಸ್ಕೊ ತಾರ್ರೆಗ ಹುಟ್ಟಿದ್ದು 1852ರಲ್ಲಿ. ನಮ್ಮ ಮೈಸೂರಿನ ವೀಣೆ ಶೇಷಣ್ಣನವರು ಹುಟ್ಟಿದ್ದೂ ಅದೇ ವರ್ಷ. ಶೇಷಣ್ಣನವರಿಗೆ ಅರಮನೆಯ ಆಶ್ರಯವಿತ್ತು. ತಾರ್ರೆಗನಿಗೆ ಕಛೇರಿಗಳೂ ಮನೆಪಾಠಗಳೂ ಆಧಾರ. 1906ರಲ್ಲಿ ಪಾರ್ಶ್ವವಾಯುವಿನಿಂದ ಅವನ ಬಲಗೈ ಕುಂದಿತು, 1909ರಲ್ಲಿ ತೀರಿಕೊಂಡ. ಆದರೆ ಯೊಬೆಟ್, ಪುಹೋಲ್ ಎಂಬ ಶಿಷ್ಯರ ಕೈಯಲ್ಲಿ ವಿದ್ಯೆ ಉಳಿಯಿತು. ಇತ್ತ ಶೇಷಣ್ಣನವರ ವಿದ್ಯೆ ವೆಂಕಟಗಿರಿಯಪ್ಪನವರಿಗೆ, ಅವರಿಂದ ದೊರೆಸ್ವಾಮಿ ಅಯ್ಯಂಗಾರರಿಗೆ ಬಂದಿತು. ಅಯ್ಯಂಗಾರರು ಬೆಂಗಳೂರು ಆಕಾಶವಾಣಿಯಲ್ಲಿ ನೌಕರಿ ಮಾಡುತ್ತಲೇ ಕಛೇರಿ ನಡೆಸಿದರು, ಶಿಷ್ಯರನ್ನು ತಯಾರಿಸಿದರು. ಲೋಕವನ್ನೆಲ್ಲ ಸುತ್ತಿ ನುಡಿಸಿದ ಸೆಗೋವಿಯಾ ಕೂಡ 1950ರಿಂದ ಇಟಲಿಯ ಸಿಯೆನಾದಲ್ಲಿ ಪಾಠ ಹೇಳಿದವನೇ.

ಇದರಿಂದ ನನಗೆ ತಿಳಿದದ್ದಿಷ್ಟು: ಈ ಕಸುಬಿನಲ್ಲಿ ಕಛೇರಿಯೆಂದರೆ ಹಬ್ಬದೂಟ, ಪಾಠವೆಂದರೆ ದಿನದ ಅನ್ನ. ತಿಂಗಳುಗಟ್ಟಲೆ ಸಾಧನೆ ಮಾಡಿ ಒಂದು ಸಂಜೆ ನುಡಿಸಿದರೆ ಹೆಸರು ಬರುತ್ತದೆ. ಆ ಹೆಸರಿಗೆ ಶಿಷ್ಯರು ಬರುತ್ತಾರೆ. ಲಂಡನ್ನಿನ ಟ್ರಿನಿಟಿ ಕಾಲೇಜು ನಮ್ಮ ದೇಶದಲ್ಲಿಯೂ ಗಿಟಾರಿಗೆ ಎಂಟು ಹಂತಗಳ ಪರೀಕ್ಷೆ ನಡೆಸುತ್ತದೆ. ಮಕ್ಕಳನ್ನು ಅದಕ್ಕೆ ತಯಾರು ಮಾಡುವುದೂ ಒಂದು ಜೀವನೋಪಾಯ. ಆದರೆ ತಾನು ನುಡಿಸುವುದನ್ನು ಬಿಟ್ಟ ಮೇಷ್ಟ್ರಲ್ಲಿ ಕಲಿಸುವುದಕ್ಕೂ ಬಹಳ ದಿನ ಏನೂ ಉಳಿಯದು.

ಇಲ್ಲಿ ನನ್ನದೊಂದು ಮಾತು ಹೇಳಲೇಬೇಕು. ನಾನೂ ಹುಡುಗನಾಗಿದ್ದಾಗ ವೀಣೆ ಕಲಿತವನು. ನೌಕರಿ ಸಿಕ್ಕ ವರ್ಷ ವೀಣೆ ಗವಸು ಹೊದ್ದು ಅಟ್ಟ ಸೇರಿತು. ತಮ್ಮನ ಮೇಲೆ ಬಂದ ಸಿಟ್ಟಿನಲ್ಲಿ ಅರ್ಧ ಭಾಗ ಅದರದೇ ಇರಬೇಕು.

ಕೊನೆಗೆ ಅವನಿಗೆ ಎರಡು ವರ್ಷದ ಗಡುವು ಕೊಟ್ಟೆವು. ಈಗ ಸಂಜೆ ನಾಲ್ವರು ಮಕ್ಕಳು ಪಾಠಕ್ಕೆ ಬರುತ್ತಾರೆ. ಶುಲ್ಕವೆಲ್ಲ ಕೂಡಿದರೆ ಮನೆ ಬಾಡಿಗೆಯ ಕಾಲುಭಾಗವೂ ಆಗದು. ಶಾಲೆಯ ಪರೀಕ್ಷೆ ಬಂದಾಗ ಎಷ್ಟು ಮಂದಿ ಉಳಿಯುವರೋ!

ವಾಚಕ ಬಂಧುಗಳೇ, ನಿಮ್ಮ ಮನೆಯಲ್ಲಿಯೂ ಇಂಥ ಮಕ್ಕಳಿರಬಹುದು. "ಹೊಟ್ಟೆಗೇನಪ್ಪಾ?" ಎಂದು ಕೇಳಿರಿ, ಹಿರಿಯರು ಕೇಳಬೇಕಾದ ಪ್ರಶ್ನೆಯೇ ಅದು. ಆದರೆ ಉತ್ತರ ದುಡಿದು ತೋರಿಸಲು ಅವರಿಗೆ ಒಂದಿಷ್ಟು ಕಾಲವನ್ನೂ ಕೊಡಿರಿ.